ಜನರಲ್ ಫದುಂಗರ ಚಿತೆಯ ಪುಸ್ತಕ

ಜನರಲ್ ಫದುಂಗ್ ಸತ್ತದ್ದು ಒಂದು ಮಂಗಳವಾರ, ಮಧ್ಯಾಹ್ನದ ಊಟದ ಹೊತ್ತಿಗೆ. ಆದರೆ ಹಾಗೆಂದು ಅಚ್ಚು ಹಾಕುವಂತಿಲ್ಲ. 'ಸತ್ತರು' ಎಂಬ ಮಾತು ದೋಣಿ ನೂಕುವವನಿಗೆ, ಗದ್ದೆಯವನಿಗೆ, ಅಚ್ಚುಕೂಟದಲ್ಲಿ ಕರಡು ತಿದ್ದುವ ಲಮಾಯ್‌ಳಂಥವರಿಗೆ. ಬ್ಯಾಂಕಾಕಿನಲ್ಲಿ ಸಾವಿಗೂ ದರ್ಜೆಯುಂಟು. ಮೇಷ್ಟರೋ ಗುಮಾಸ್ತರೋ ಹೋದರೆ 'ಕರ್ಮ ಮುಗಿಸಿದರು' ಎನ್ನಬೇಕು. ಎದೆಯ ಮೇಲೆ ದೊಡ್ಡ ಪದಕ ತೂಗಿಸಿಕೊಂಡವರು 'ಅನಿತ್ಯಕರ್ಮ ಹೊಂದುತ್ತಾರೆ'. ಭಿಕ್ಷುಗಳಿಗೆ ಬರುವುದು 'ಮರಣಭಾವ'. ಆನೆ ಸಾಯುವುದೇ ಇಲ್ಲ, 'ಉರುಳುತ್ತದೆ'. ಇನ್ನು ಪ್ರಧಾನಮಂತ್ರಿಯ ಎತ್ತರಕ್ಕೆ ಏರಿದವರಿಗೆ ಬೇರೆಯೇ ಒಂದು ಮಾತಿದೆ: ಅವರು 'ಅಸಂಜ್ಞಕರ್ಮ ಹೊಂದುತ್ತಾರೆ'. ಬದುಕಿದ್ದಾಗ ಇದ್ದ ಮೇಲು ಕೀಳು ಬೂದಿಯಾದ ಮೇಲೂ ಅಳಿಸಿಹೋಗಬಾರದಲ್ಲ, ಅದಕ್ಕೆ ಈ ಏರ್ಪಾಡು.

ಈ ಏಣಿಯನ್ನು ಹತ್ತೊಂಬತ್ತು ವರ್ಷಗಳಿಂದ ಕಾಯುತ್ತಿದ್ದವಳು ಲಮಾಯ್. ಥೋನ್‌ಬುರಿ ಕಡೆಯ ಕಾಲುವೆಯ ದಡದಲ್ಲಿ ಕಿಮ್ ಸೂನ್ ಎಂಬಾತನ ಅಚ್ಚುಕೂಟ. ಅಲ್ಲಿ ಅಚ್ಚಾಗುತ್ತಿದ್ದದ್ದು ಬಹುಪಾಲು ಚಿತೆಯ ಪುಸ್ತಕಗಳೇ. ಹೆಣ ಸುಡುವ ದಿನ ಬಂದವರ ಕೈಗೆ ಸತ್ತವರ ಮನೆಯವರು ಒಂದು ಪುಸ್ತಕ ಕೊಡುತ್ತಾರೆ. ಮೊದಲಿಗೆ ಸಮವಸ್ತ್ರದ ಭಾವಚಿತ್ರ, ಆಮೇಲೆ ಜೀವನಚರಿತ್ರೆ, ಅದರ ಹಿಂದೆ ದೊಡ್ಡವರ ಶೋಕಲೇಖನಗಳು, ಕೊನೆಗೆ ಒಂದಿಷ್ಟು ಧರ್ಮೋಪದೇಶ, ಜಾಗ ಉಳಿದರೆ ಸತ್ತವರಿಗೆ ಇಷ್ಟವಾದ ಸಾರು ಮಾಡುವ ಕ್ರಮ. ಸಾವಿನ ಪದ ಒಂದೇ ಒಂದು ಮೆಟ್ಟಿಲು ಕೆಳಗಾದರೂ ಮನೆಯವರು ಅಚ್ಚುಕೂಟಕ್ಕೆ ನುಗ್ಗಿ ರಂಪ ಮಾಡುತ್ತಿದ್ದರು. ಲಮಾಯ್‌ಳ ಕಣ್ಣು ತಪ್ಪಿಸಿ ಅಂಥದ್ದೊಂದು ಆಚೆ ಹೋದದ್ದಿಲ್ಲ.

ಜನರಲ್ಲರ ಕಾಗದಪತ್ರ ಹೊತ್ತು ಬಂದವರು ಕರ್ನಲ್ ನಿಯೋಮ್. ನಿವೃತ್ತರಾಗಿ ವರ್ಷಗಳಾಗಿದ್ದರೂ ನಡಿಗೆಯಲ್ಲಿ ಇನ್ನೂ ಕವಾಯತು. ಮೂವತ್ತು ವರ್ಷ ಜನರಲ್ಲರ ಬೆನ್ನ ಹಿಂದೆ ನಿಂತಿದ್ದ ಮನುಷ್ಯ. ಈಗ ನಿಲ್ಲಲು ಬೆನ್ನೇ ಇಲ್ಲದೆ ಚಡಪಡಿಸುತ್ತಿದ್ದರು.

"ಕರಡು ನೋಡೋದು ಯಾರಮ್ಮ ಇಲ್ಲಿ?"

"ನಾನೇ ಸಾರ್."

"ಏನು ಓದಿದೀಯ?"

"ಇಲ್ಲಿಗೆ ಬಂದ ಹೆಣಗಳನ್ನೆಲ್ಲ ಓದಿದೀನಿ ಸಾರ್."

ಹಿಂದೆ ನಿಂತಿದ್ದ ಕಿಮ್ ಸೂನ್ ಗಟ್ಟಿಯಾಗಿ ಕೆಮ್ಮಿದ. "ತಮಾಷೆ ಮಾಡ್ತಾಳೆ ಸಾಹೇಬ್ರೇ. ಕೆಲಸದಲ್ಲಿ ಮಾತ್ರ ಬಂಗಾರ. ನೀವು ಕೂತ್ಕೊಳ್ಳಿ, ಐಸ್ ಕಾಫಿ ತರಿಸ್ತೀನಿ."

ಕರ್ನಲ್ ಕೂರಲಿಲ್ಲ. ಬೆರಳಚ್ಚು ಮಾಡಿದ ದೊಡ್ಡ ಕಟ್ಟನ್ನು ಮೇಜಿನ ಮೇಲಿಟ್ಟು, ಅದರ ಮೇಲೆ ನೀಲಿ ಬಟ್ಟೆಯ ರಟ್ಟಿನ ಒಂದು ದಪ್ಪ ನೋಟುಬುಕ್ಕನ್ನು ಇಟ್ಟರು. "ಇದು ಜನರಲ್ಲರು ಕೊನೇ ವರ್ಷಗಳಲ್ಲಿ ಸ್ವಂತ ಕೈಯಿಂದ ಬರ್ಕೊಂಡಿದ್ದು. ಇದನ್ನಿಟ್ಕೊಂಡು ನಾನು ಆ ಚರಿತ್ರೆ ಸಿದ್ಧಮಾಡಿದೀನಿ. ಹೆಸರು, ತೇದಿ ಸಂಶಯ ಬಂದ್ರೆ ಇದರಲ್ಲಿ ನೋಡ್ಕೊ. ಓದಕ್ಕಲ್ಲ ಕೊಟ್ಟಿರೋದು, ಹೋಲಿಸಕ್ಕೆ."

ಓದದೆ ಹೋಲಿಸುವುದು ಹೇಗೆಂದು ಲಮಾಯ್ ಕೇಳಲಿಲ್ಲ.

"ಇನ್ನೊಂದು. ಮೂರು ಸಾವಿರ ಪ್ರತಿ. ಬರೋರು ಎಂಥೆಂಥವರು ಅಂತ ನಿಮ್ಮ ಧಣಿಗೆ ಗೊತ್ತು. ಅಸಂಜ್ಞಕರ್ಮ. ಎಲ್ಲೆಲ್ಲಿ ಬರತ್ತೋ ಅಲ್ಲೆಲ್ಲ ಅದೇ. ಅನಿತ್ಯಕರ್ಮ ಅಂತ ಒಂದು ಕಡೆ ಬಿದ್ರೂ ನಿನ್ನ ಕರ್ಮ ಅವತ್ತೇ ಮುಗೀತು."

ಲಮಾಯ್ ಅಂದು ಮಧ್ಯಾಹ್ನವೇ ಓದಲು ತೊಡಗಿದಳು. ಮೊದಲನೇ ಅಧ್ಯಾಯದಲ್ಲಿ ಜನರಲ್ಲರು ಹೊಳೆಯೂರೊಂದರ ಅಕ್ಕಿಗಿರಣಿ ಗುಮಾಸ್ತನ ಮೂರನೇ ಮಗನಾಗಿ ಹುಟ್ಟಿದರು. ಎರಡನೆಯದರಲ್ಲಿ ಸೈನಿಕ ಶಾಲೆ ಸೇರಿ, ಸೊಳ್ಳೆಪರದೆಯಿಲ್ಲದೆ ಮಲಗಿ ಗಟ್ಟಿಯಾದರು. ಮೂರನೆಯದರಲ್ಲಿ ಕೊರಿಯಾದ ಹಿಮದಲ್ಲಿ ಎರಡು ಬೆರಳ ತುದಿ ಕಳೆದುಕೊಂಡರು; ಆ ಬೆರಳುಗಳಿಗೆ ಒಂದೂವರೆ ಪುಟ. ನಾಲ್ಕನೆಯದರಲ್ಲಿ ಮೇಲಧಿಕಾರಿಯ ಮಗಳನ್ನು ಮದುವೆಯಾದರು. ಐದನೆಯದರಲ್ಲಿ ದೇಶ ಅವರನ್ನು ಕರೆಯಿತು.

ದೇಶ ಅವರನ್ನು ಒಟ್ಟು ನಾಲ್ಕು ಬಾರಿ ಕರೆಯಿತು. ನಾಲ್ಕು ಬಾರಿಯೂ ಬೆಳಗಿನ ಜಾವಕ್ಕೇ ಕರೆಯಿತು, ನಾಲ್ಕು ಬಾರಿಯೂ ಟ್ಯಾಂಕು ತೆಗೆದುಕೊಂಡು ಬಾ ಎಂದಿತು. ಮೊದಲೆರಡು ಸಲ ಅವರು ಬೇರೆಯವರ ಟ್ಯಾಂಕಿನ ಹಿಂದಿದ್ದರು, ಮೂರನೆಯ ಸಲ ಮುಂದಿದ್ದರು, ನಾಲ್ಕನೆಯ ಸಲ ಟ್ಯಾಂಕು ಕಳಿಸಿ ತಾವು ರೇಡಿಯೋ ಕೇಂದ್ರದಲ್ಲಿ ಕುಳಿತಿದ್ದರು. ಹೀಗೆ ಪ್ರಧಾನಮಂತ್ರಿಯಾದರು. ಎರಡು ವರ್ಷ ಒಂದು ತಿಂಗಳು ಆಳಿದರು. ಉದ್ದಕೂದಲಿನ ಹುಡುಗರನ್ನು ಹಿಡಿಸಿ ಬೋಳಿಸಿದರು, ಒಂದು ಅಣೆಕಟ್ಟು ಕಟ್ಟಿಸಿದರು, ಮೂರು ಪತ್ರಿಕೆ ಮುಚ್ಚಿಸಿದರು. ಆಮೇಲೆ ಅವರೇ ಸಾಕಿ ಬೆಳೆಸಿದ ಒಬ್ಬ ಮೇಜರ್ ಜನರಲ್ಲನನ್ನು ದೇಶ ಕರೆಯಿತು. ಇವರು ಹದಿನೈದು ದಿನ ಭಿಕ್ಷುವಾಗಿ ಕಾವಿಯುಟ್ಟು, ಬಿಚ್ಚಿ, ಎರಡು ಸಿಮೆಂಟು ಕಂಪನಿಗಳ ಆಡಳಿತ ಮಂಡಳಿಗೆ ಸೇರಿಕೊಂಡು, ಉಳಿದ ಆಯುಷ್ಯವನ್ನೆಲ್ಲ ಆರ್ಕಿಡ್ ಗಿಡ ಬೆಳೆಸುತ್ತ ಕಳೆದರು. ಹದಿಮೂರನೇ ಅಧ್ಯಾಯದಲ್ಲಿ ಒಂದು ಬಿಳಿ ಆರ್ಕಿಡ್ ಕೊಳೆತುಹೋದಾಗ ಅವರು ಅತ್ತದ್ದನ್ನು ಹೆಂಡತಿ ಬರೆದಿದ್ದರು.

ಲಮಾಯ್‌ಗೆ ನಗು ಬರಬೇಕಿತ್ತು, ಬರಲಿಲ್ಲ. ಯಾಕೆಂದರೆ ಹಾರಿಸಿಬಿಟ್ಟಿದ್ದ ಆರನೇ ಅಧ್ಯಾಯ ಹಿಂದೆ ಕಾದಿತ್ತು. ತಲೆಬರಹವನ್ನು ನೋಡಿದವಳೇ ಪುಟ ಮಗುಚಿ ಮುಂದೆ ಹೋಗಿದ್ದಳು: 'ದಕ್ಷಿಣದ ಬೆಟ್ಟಗಳಲ್ಲಿ ಶಾಂತಿ'. ಕುರ್ಚಿಯ ಮೇಲೆ ಕೂರಲಾಗಲಿಲ್ಲ. ಎದ್ದು ನೀರು ಕುಡಿದಳು, ಕಿಟಕಿಗೆ ಹೋಗಿ ಕಾಲುವೆ ನೋಡಿದಳು, ವಾಪಸು ಬಂದು ಪೆನ್ಸಿಲು ಚೂಪು ಮಾಡಿದಳು. ಚೂಪಾಗಿದ್ದ ಪೆನ್ಸಿಲನ್ನೇ ಮತ್ತೆ ಮತ್ತೆ ಹೆರೆದು ಅರ್ಧ ಮಾಡಿದಳು.

ನಾ ಹಿನ್ ಅವಳ ಊರು. ಇಪ್ಪತ್ನಾಲ್ಕು ವರ್ಷದ ಕೆಳಗೆ, ಅವಳು ಬ್ಯಾಂಕಾಕಿನ ಬಟ್ಟೆಗಿರಣಿಯಲ್ಲಿ ದಾರ ಸುತ್ತುತ್ತಿದ್ದಾಗ, ಹಗಲು ದುಡಿದು ಸಂಜೆ ವಿದ್ಯಾರ್ಥಿಗಳ ಓದುಕೂಟದಲ್ಲಿ ಅಕ್ಷರ ತಿದ್ದುತ್ತಿದ್ದಾಗ, ಊರಿಗೆ ಸೈನ್ಯ ಬಂತು. ಬೆಟ್ಟದ ಮೇಲಿನ ಕಮ್ಯುನಿಸ್ಟರಿಗೆ ಅಕ್ಕಿ ಕೊಟ್ಟಿದ್ದೀರೆಂದು ಗಂಡಸರನ್ನೆಲ್ಲ ಲಾರಿಗೆ ಹತ್ತಿಸಿ ಹೊಳೆದಂಡೆಯ ಶಿಬಿರಕ್ಕೆ ಕರೆದೊಯ್ದಿತು. ಅದರಲ್ಲಿ ಅವಳಪ್ಪ ದಾಮ್ ಒಬ್ಬ. ರಬ್ಬರ್ ತೋಟದಲ್ಲಿ ಹಾಲು ಇಳಿಸುವವನು. ಯಾರೂ ಮರಳಲಿಲ್ಲ. ತಾಲ್ಲೂಕು ಕಚೇರಿಯವರು ಮನೆಮಂದಿಯ ಹೆಸರು ದಾಖಲಿಸುವ ಮನೆಪುಸ್ತಕದಲ್ಲಿ ಅವನ ಹೆಸರಿನ ಮುಂದೆ 'ಸ್ಥಳ ಬದಲಿಸಿದ್ದಾನೆ' ಎಂದು ಕೆಂಪು ಮಸಿಯಲ್ಲಿ ಬರೆದರು.

ಬೆರಳಚ್ಚಿನ ಪ್ರತಿಯಲ್ಲಿ ಕರ್ನಲ್ ಬರೆದಿದ್ದರು: 'ನಾ ಹಿನ್ ಎಂಬ ಗ್ರಾಮದ ನಲವತ್ತೊಂದು ಮಂದಿ ತಮ್ಮ ತಪ್ಪನ್ನರಿತು ಸುರಕ್ಷಿತ ಸ್ಥಳಕ್ಕೆ ತೆರಳಿದರು.'

ಲಮಾಯ್ ನೀಲಿ ನೋಟುಬುಕ್ಕು ತೆರೆದಳು. ಗುಂಡುಗುಂಡಾದ ಅಕ್ಷರ, ಮಕ್ಕಳ ಕಾಪಿಪುಸ್ತಕದ ಹಾಗೆ. ಹುಡುಕಬೇಕಾಗಲಿಲ್ಲ. 'ನಾ ಹಿನ್, ನಲವತ್ತೊಂದು ರಾಸು. ಎತ್ತಿಟ್ಟದ್ದಾಯಿತು. ಆಮೇಲೆ ಆ ಕಣಿವೆಯಲ್ಲಿ ಒಂದು ಗುಂಡಿನ ಸದ್ದಿಲ್ಲ.' ಎತ್ತಿಡುವುದು ಎಂಬುದು ದಿನಬಳಕೆಯ ಮಾತು. ಒಣಗಿದ ಬಟ್ಟೆ ಎತ್ತಿಡುತ್ತಾರೆ, ಉಂಡ ತಟ್ಟೆ ಎತ್ತಿಡುತ್ತಾರೆ. ಸಿಪಾಯಿಗಳ ಬಾಯಲ್ಲಿ ಮನುಷ್ಯರನ್ನೂ ಎತ್ತಿಡುತ್ತಾರೆ. ಅದರ ಅರ್ಥ ಈ ದೇಶದಲ್ಲಿ ಮಗುವಿಗೂ ಗೊತ್ತು.

*

ಅವ್ವ ಬಾಡಿಗೆ ಕೋಣೆಯ ಬಾಗಿಲಲ್ಲಿ ಕುಳಿತು ಒರಳಿನಲ್ಲಿ ಮೆಣಸಿನಕಾಯಿ ಕುಟ್ಟುತ್ತಿದ್ದಳು. ಎಪ್ಪತ್ತಾರು ವಯಸ್ಸು. ಸೊಂಟ ಬಾಗಿದ್ದರೂ ಕೈ ಬಾಗಿರಲಿಲ್ಲ. ಲಮಾಯ್ ಚಪ್ಪಲಿ ಬಿಡುವ ಮೊದಲೇ ಹೇಳಿಬಿಟ್ಟಳು.

"ಅವ್ವ, ಅಪ್ಪ ಇಲ್ಲ. ಅಲ್ಲೇ ಮುಗಿಸಿಬಿಟ್ಟಿದಾರೆ. ಜನರಲ್ಲೇ ಕೈಯಾರೆ ಬರ್ದಿಟ್ಟಿದಾನೆ, ನಾನು ಓದ್ದೆ."

ಕುಟ್ಟುತ್ತಿದ್ದ ಕೈ ನಿಂತಿತು. ಅವ್ವ ಮೆಣಸಿನಕಾಯಿಯ ಘಾಟಿಗೆ ಒಮ್ಮೆ ಸೀನಿದಳು. "ಹೆಸರು ಬರ್ದಿದಾನಾ?"

"ಹೆಸರಿಲ್ಲ. ನಲವತ್ತೊಂದು ಅಂತ ಇದೆ."

"ಸತ್ತ ಅಂತ ಬರ್ದಿದಾನಾ?"

"ಎತ್ತಿಟ್ವಿ ಅಂತ ಬರ್ದಿದಾನೆ."

"ಮತ್ತೆ? ಎತ್ತಿಟ್ಟೋರು ಎಲ್ಲಿಟ್ರೋ ಏನೋ." ಕುಟ್ಟುವುದು ಮತ್ತೆ ಶುರುವಾಯಿತು. "ತಾಲೂಕಾಫೀಸಿನ ಪುಸ್ತಕ ಹೋಗಿದಾನೆ ಅಂತು. ಇದು ಎತ್ತಿಟ್ರು ಅಂತದೆ. ಕಾಗದಕ್ಕೇನೇ ಮಗಾ, ಯಾವನು ಪೆನ್ನು ಹಿಡಿದ್ರೆ ಅವನ ಪಾಲಿಗೆ. ನಂಗೆ ಕಂಡೋನು ಹೇಳ್ಬೇಕು. ಬಾಯಿಬಿಟ್ಟು ಹೇಳ್ಬೇಕು."

"ಕಂಡೋನು ಬಂದು ಹೇಳ್ತಾನಾ ನಿಂಗೆ? ಮುಂಡಾಸು ಕಟ್ಕೊಂಡು ಬರ್ತಾನಾ?"

"ಬರ್ಲಿಲ್ಲ ಅಂದ್ರೆ ಬೇಡ. ಇಷ್ಟು ದಿನ ಕಾಯ್ಲಿಲ್ವಾ?"

ಇದೇ ಹಟ. ಅವರ ಸೀಮೆಯಲ್ಲಿ ಹತ್ತನೇ ತಿಂಗಳ ಕೃಷ್ಣಪಕ್ಷಕ್ಕೆ ಸತ್ತವರು ಹಸಿದುಕೊಂಡು ಬರುತ್ತಾರೆ. ವಿಹಾರದ ಗೋಡೆಯ ಬುಡದಲ್ಲಿ ಅವರಿಗೆಂದು ಎಡೆ ಇಡಬೇಕು, ಭಿಕ್ಷುಗಳ ಮುಂದೆ ಹೆಸರು ಹೇಳಿ ನೀರು ಬಿಡಬೇಕು. ಅವ್ವ ಪ್ರತಿ ವರ್ಷ ರೈಲು ಹತ್ತಿ ಊರಿಗೆ ಹೋಗಿ ತನ್ನ ಅಪ್ಪನಿಗೆ, ಅತ್ತೆಗೆ, ಹುಟ್ಟಿ ಒಂಬತ್ತೇ ದಿನಕ್ಕೆ ಹೋದ ಮಗುವಿಗೆ ಎಡೆಯಿಟ್ಟು ಬರುತ್ತಿದ್ದಳು. ಗಂಡನ ಹೆಸರೆತ್ತುತ್ತಿರಲಿಲ್ಲ. ಬದುಕಿರುವವನ ಹೆಸರಲ್ಲಿ ನೀರು ಬಿಟ್ಟರೆ ಅವನ ಆಯುಷ್ಯ ತುಂಡಾಗುತ್ತದೆಂದು ಅವಳ ಭಯ. ಒಂದು ವೇಳೆ ಅವನು ಸತ್ತೇ ಇದ್ದರೆ? ಇಪ್ಪತ್ನಾಲ್ಕು ವರ್ಷಗಳಿಂದ ಎಲ್ಲರೂ ಉಂಡೇಳುವುದನ್ನು ಗೋಡೆಯಾಚೆ ನಿಂತು ನೋಡುತ್ತಿರುತ್ತಾನೆ. ಈ ಎರಡರ ನಡುವೆ ಅವ್ವ ಸವೆದು ಸವೆದು ಇಷ್ಟೇ ಇಷ್ಟಾಗಿದ್ದಳು.

"ಈ ಸಲ ನಿಮ್ಮಪ್ಪಂದು ಒಂದು ತೀರ್ಮಾನ ಆಗ್ಬೇಕು ಲಮಾಯ್," ಅಂದಳು ಅವ್ವ ಅನ್ನ ಬಡಿಸುತ್ತ. "ಮುಂದಿನ ಹತ್ತನೇ ತಿಂಗಳಿಗೆ ನಾನೇ ಇರ್ತೀನೋ ಇಲ್ವೋ. ಇಬ್ರಿಗೂ ಇಡೋರು ಯಾರಿರ್ತಾರೆ? ನೀನು ಅಚ್ಚುಮಸೀಗೆ ಹುಟ್ಟಿದೋಳು, ನಿಂಗೆ ಎಡೆ ಕಟ್ಟೋಕೂ ಬರಲ್ಲ."

*

ಎರಡನೇ ಕರಡಿಗೆ ಕರ್ನಲ್ ಬಂದಾಗ ಲಮಾಯ್ ಆರನೇ ಅಧ್ಯಾಯದ ಪುಟ ಮುಂದಿಟ್ಟಳು. 

"ಇಲ್ಲೊಂದು ವ್ಯತ್ಯಾಸ ಇದೆ ಸಾರ್. ನೋಟುಬುಕ್ಕಲ್ಲಿ 'ಎತ್ತಿಟ್ಟದ್ದಾಯಿತು' ಅಂತಿದೆ. ಇಲ್ಲಿ 'ತೆರಳಿದರು' ಅಂತಿದೆ. ಹೋಲಿಸು ಅಂದಿದ್ರಿ."

ಕರ್ನಲ್ ಅವಳನ್ನು ಮೊದಲ ಬಾರಿ ನೆಟ್ಟಗೆ ನೋಡಿದರು. "ಯಾವ ಕಡೆಯವಳಮ್ಮ ನೀನು?"

"ದಕ್ಷಿಣದವಳು ಸಾರ್."

"ಹೂಂ. ಮಾತಲ್ಲೇ ಗೊತ್ತಾಗತ್ತೆ. ಖಾರ ಜಾಸ್ತಿ." ನೋಟುಬುಕ್ಕನ್ನು ಎಳೆದುಕೊಂಡು ಕಂಕುಳಲ್ಲಿಟ್ಟರು. "ನೋಡು, ನಾನು ಊಹೆ ಮಾಡಿ ಬರ್ದಿಲ್ಲ. ನಾನೇ ಆ ಶಿಬಿರದಲ್ಲಿದ್ದೆ. ಆಗ ಕ್ಯಾಪ್ಟನ್. ಕಣ್ಣಾರೆ ಕಂಡೋನು ಹೇಳ್ತಿದೀನಿ, ತೆರಳಿದರು. ಅಷ್ಟೆ."

"ಎಲ್ಲಿಗೆ ಸಾರ್?"

"ಏನು?"

"ಸುರಕ್ಷಿತ ಸ್ಥಳಕ್ಕೆ ಅಂತಿದೆಯಲ್ಲ. ಊರ ಹೆಸರು ಹಾಕಿದ್ರೆ ವಾಕ್ಯ ಪೂರ್ತಿ ಆಗತ್ತೆ ಅಂತ ಕೇಳ್ದೆ."

ಕಿಮ್ ಸೂನ್ ಓಡಿ ಬಂದ. "ಏಯ್, ನಿಂಗ್ಯಾಕೆ ಭೂಗೋಳ? ಕೊಂಬು ದೀರ್ಘ ನೋಡು ಸಾಕು! ಸಾಹೇಬ್ರೇ, ಬೇಸರ ಮಾಡ್ಕೋಬೇಡಿ, ಇವಳು ಅರ್ಧವಿರಾಮ ಸಿಗದಿದ್ರೂ ಪೊಲೀಸ್ ಕಂಪ್ಲೇಂಟ್ ಕೊಡೋ ಪೈಕಿ."

ಕರ್ನಲ್ ಪುಟದ ಅಂಚಿಗೆ ಒಪ್ಪಿಗೆಯ ಸಹಿ ಹಾಕಿ ಹೊರಟುಹೋದರು. ಅವರ ಕಾರು ಗಲ್ಲಿ ದಾಟುವವರೆಗೂ ಕಿಮ್ ಸೂನ್ ಬಾಗಿಯೇ ನಿಂತಿದ್ದ. ಆಮೇಲೆ ಒಳಬಂದು ದನಿ ತಗ್ಗಿಸಿ ಹೇಳಿದ, "ಲಮಾಯ್, ನಂಗೂ ಗೊತ್ತು ಕಣೇ ಎತ್ತಿಡೋದು ಅಂದ್ರೆ ಏನು ಅಂತ. ಚೀನಾದೋನ ಮಗ ನಾನು, ನಮ್ಮಪ್ಪನ್ನೂ ಎರಡು ಸಲ ಠಾಣೆಗೆ ಎಳ್ಕೊಂಡು ಹೋಗಿದ್ರು. ಆದ್ರೆ ಇಲ್ಲಿ ಹದಿನಾಲ್ಕು ಜನರ ಅನ್ನ ಇದೆ. ತೆರಳಿದರು ಅಂದ್ರೆ ತೆರಳಿದರು. ಮುಚ್ಕೊಂಡಿರು."

ಅವಳು ಮುಚ್ಚಿಕೊಂಡಿರಲು ಪ್ರಯತ್ನಪಟ್ಟಳು. ನಾಲ್ಕು ದಿನ ಪಟ್ಟಳು. ಬಸ್ಸಿನಲ್ಲಿ ತನ್ನ ನಿಲುಗಡೆ ಬಿಟ್ಟು ಮುಂದೆ ಹೋದಳು, ಬೇರೆಯವರ ಚಿತೆಯ ಪುಸ್ತಕದಲ್ಲಿ ಮುದುಕನ ವಯಸ್ಸನ್ನು ತಿರುವುಮುರುವು ಮಾಡಿದಳು, ಅನ್ನದ ತಟ್ಟೆ ಮುಂದಿಟ್ಟುಕೊಂಡು ಕಾಲು ಅದುರಿಸುತ್ತ ಕುಳಿತಳು. ಕಾಲು ಅದುರಿಸಬೇಡವೆಂದು ಅವ್ವ ಗದರಿದಳು. ತೆರಳಿದರು, ತೆರಳಿದರು ಎಂದು ಬಸ್ಸಿನ ಇಂಜಿನ್ನೂ ಹೇಳುತ್ತಿತ್ತು. ಮೂರು ಸಾವಿರ ಪ್ರತಿ. ಈ ದೇಶದಲ್ಲಿ ಚಿತೆಯ ಪುಸ್ತಕವನ್ನು ಯಾರೂ ಬಿಸಾಕುವುದಿಲ್ಲ. ಗ್ರಂಥಾಲಯದವರು ಕೇಳಿ ಪಡೆದು ಕಪಾಟಿನಲ್ಲಿಡುತ್ತಾರೆ, ಮುಂದೆ ಚರಿತ್ರೆ ಬರೆಯುವವರು ಅದನ್ನೇ ತೆರೆದು ನೋಡುತ್ತಾರೆ. ಅಪ್ಪ ಇನ್ನು ಮೂರು ಸಾವಿರ ಸಲ ತಾನಾಗಿಯೇ ಎದ್ದು, ತಪ್ಪನ್ನರಿತು, ಎಲ್ಲಿಗೋ ತೆರಳುತ್ತಾನೆ. ಅದಕ್ಕೆ ಕರಡು ತಿದ್ದಿದವಳು ಮಗಳು.

ಐದನೇ ದಿನ ಮಧ್ಯಾಹ್ನ ಎಲ್ಲರೂ ಸೇವಿಗೆ ತಿನ್ನಲು ಮುಂದಿನ ಗಲ್ಲಿಗೆ ಹೋದರು. ಆರನೇ ಅಧ್ಯಾಯದ ಪುಟಗಳು ಮೂಡಿದ ಫಿಲ್ಮು ದೀಪದ ಮೇಜಿನ ಮೇಲೆ ಹರಡಿತ್ತು. ಊಟ ಮುಗಿಸಿ ಬಂದೊಡನೆ ಅದರಿಂದ ಅಚ್ಚಿನ ತಗಡು ಮಾಡುವವರಿದ್ದರು. ಮುನ್ನುಡಿಯ ಪುಟದ ಒಂದು ಹೆಚ್ಚಿನ ಫಿಲ್ಮು ಬುಟ್ಟಿಯಲ್ಲಿ ಬಿದ್ದಿತ್ತು. ಮೊದಲ ಸಲ ಮಸಕಾಗಿ ಬಂತೆಂದು ತೆಗೆದುಹಾಕಿದ್ದು. ಅದರ ಮೂರನೇ ಸಾಲಿನಲ್ಲಿ 'ಅಸಂಜ್ಞಕರ್ಮ ಹೊಂದಿದರು' ಎಂಬ ಮಾತು ಮಾತ್ರ ಮಸಕಾಗಿರಲಿಲ್ಲ.

ಲಮಾಯ್ ಬ್ಲೇಡು ತೆಗೆದುಕೊಂಡಳು. ಕೆಳಗಿನಿಂದ ಬಂದ ಬಿಳಿ ಬೆಳಕಿಗೆ ಅವಳ ಬೆರಳುಗಳೇ ಎಲುಬಿನ ಹಾಗೆ ಕಾಣುತ್ತಿದ್ದವು. ಮೊದಲು 'ಸತ್ತರು' ಎಂದು ಹಾಕೋಣವೆನಿಸಿತ್ತು. ಹಾಕಿದರೆ ಯಾರಿಗೆ ಕಾಣುತ್ತದೆ? ಬಡವರು ಸಾಯುತ್ತಲೇ ಇರುತ್ತಾರೆ, ಓದುವವರ ಕಣ್ಣು ಅದರ ಮೇಲೆ ಜಾರಿ ಮುಂದಿನ ಪದಕಕ್ಕೆ ಹೋಗುತ್ತದೆ. ಕಣ್ಣು ಎಡವಿ ಬೀಳಬೇಕಾದರೆ ಅಲ್ಲಿರಬಾರದ ಕಲ್ಲೇ ಬೇಕು. 'ತಮ್ಮ ತಪ್ಪನ್ನರಿತು ಸುರಕ್ಷಿತ ಸ್ಥಳಕ್ಕೆ ತೆರಳಿದರು' ಎಂಬಷ್ಟನ್ನೂ ಕೊರೆದು ತೆಗೆದಳು. ಆ ಜಾಗದಲ್ಲಿ ಪ್ರಧಾನಮಂತ್ರಿಯ ಸಾವನ್ನು ಕೂರಿಸಿ ಟೇಪು ಅಂಟಿಸಿದಳು. ಸಾಲು ಗಿಡ್ಡವಾಯಿತು, ಅಕ್ಕಪಕ್ಕದ ಪದಗಳನ್ನು ಕೊರೆದು ಸರಿಸಿ ಸಮ ಮಾಡಿದಳು. ಹತ್ತೊಂಬತ್ತು ವರ್ಷದ ಅಭ್ಯಾಸ, ವಕ್ರವಾಗಿ ಅಂಟಿಸಲು ಕೈ ಒಪ್ಪಲಿಲ್ಲ.

'ನಾ ಹಿನ್ ಎಂಬ ಗ್ರಾಮದ ನಲವತ್ತೊಂದು ಮಂದಿ ಅಸಂಜ್ಞಕರ್ಮ ಹೊಂದಿದರು.'

ಆಮೇಲೆ ತಾನೂ ಹೋಗಿ ಸೇವಿಗೆ ತಿಂದಳು. ಎರಡು ಬಟ್ಟಲು.

*

ಜನರಲ್ಲರನ್ನು ಸುಡುವ ದಿನ ವಿಹಾರದ ಅಂಗಳ ತುಂಬ ಬಿಳಿ ಸಮವಸ್ತ್ರಗಳು, ತೋಳಿಗೆ ಕಪ್ಪು ಪಟ್ಟಿ. ಚಿತೆ ಹೊತ್ತಿಸಲು ಅರಮನೆಯಿಂದ ಬೆಂಕಿ ಬರಬೇಕಿತ್ತು, ಇನ್ನೂ ಬಂದಿರಲಿಲ್ಲ. ಶಾಮಿಯಾನದ ಕೆಳಗೆ ದೊಡ್ಡ ದೊಡ್ಡ ಫ್ಯಾನುಗಳು ಬಿಸಿಗಾಳಿಯನ್ನೇ ತಿರುಗಿಸಿ ತಿರುಗಿಸಿ ಕೊಡುತ್ತಿದ್ದವು. ಬಾಗಿಲ ಹತ್ತಿರ ಉದ್ದ ಮೇಜಿನ ಮೇಲೆ ಪುಸ್ತಕ ಹಂಚುವ ಕೆಲಸ ಅಚ್ಚುಕೂಟದವರದು. ಬಂದವರಿಗೆ ಲಮಾಯ್ ಎರಡೂ ಕೈಯಲ್ಲಿ ಪುಸ್ತಕ, ಅದರ ಮೇಲೆ ಚಿತೆಗೆ ಹಾಕಲು ಚಂದನದ ಚಕ್ಕೆಯ ಒಂದು ಹೂವು ಇಟ್ಟು ಕೊಡುತ್ತಿದ್ದಳು.

ಬೇಡವೆಂದರೂ ಅವ್ವ ಜೊತೆಗೆ ಬಂದಿದ್ದಳು. "ಅವನಾದ್ರೂ ಸತ್ತಿದಾನಾ ನೋಡ್ತೀನಿ. ಇಷ್ಟು ಜನ ಬಂದಿದಾರೆ ಅಂದ್ರೆ ನಿಜಾನೇ ಇರ್ಬೇಕು," ಅಂದು ಮೇಜಿನ ಹಿಂದೆ ಪುಸ್ತಕದ ಪೆಟ್ಟಿಗೆಯ ಮೇಲೆ ಕುಳಿತಿದ್ದಳು. ಕರ್ನಲ್ ಆ ಶಿಬಿರದಲ್ಲಿದ್ದರೆಂದು ಲಮಾಯ್ ಅವಳಿಗೆ ಹೇಳಿದ್ದಳು, ಪೆಟ್ಟಿಗೆಯೊಳಗೆ ಏನಿದೆಯೆಂದು ಹೇಳಿರಲಿಲ್ಲ.

ಕಾಯುವಾಗ ಜನ ಏನು ಮಾಡುತ್ತಾರೆ? ಪುಸ್ತಕ ತಿರುವುತ್ತಾರೆ. ತಮ್ಮ ಹೆಸರು ಎಲ್ಲಾದರೂ ಬಂದಿದೆಯಾ, ತಮ್ಮ ಭಾವಚಿತ್ರ ಯಾರ ಪಕ್ಕಕ್ಕಿದೆ ಎಂದು ಹುಡುಕುತ್ತಾರೆ. ಮೂರನೇ ಸಾಲಿನಲ್ಲಿ ಕುಳಿತಿದ್ದ ಹಳೆಯ ಸೆನೆಟರನೊಬ್ಬ ಕನ್ನಡಕ ಹಣೆಗೇರಿಸಿ ಪುಟವನ್ನು ಮೂಗಿನ ಹತ್ತಿರ ತಂದುಕೊಂಡ.

"ಇದೇನ್ರೀ ಇದು? ನಲವತ್ತೊಂದು ಜನ ಅಸಂಜ್ಞಕರ್ಮ ಹೊಂದಿದರಂತೆ! ನಮ್ಮ ದೇಶದಲ್ಲಿ ಅಷ್ಟೊಂದು ಪ್ರಧಾನಿಗಳು ಆಗಿಹೋಗಿದಾರಾ?"

"ಆಗಿರ್ಬೇಕು," ಅಂದ ಪಕ್ಕದವನು, "ಮಳೆಗಾಲಕ್ಕೊಬ್ರು ಬದಲಾಗ್ತಾರಲ್ಲ."

"ಅಯ್ಯೋ, ಒಂದೇ ಊರಿನವರು ಕಣ್ರೀ! ನಾ ಹಿನ್ ಅಂತೆ. ಎಲ್ಲಿದೆ ಇದು?"

"ಯಾವ ಪುಟ?"

"ಎಪ್ಪತ್ಮೂರು."

ಪುಟ ಎಪ್ಪತ್ಮೂರು ಸಾಲಿನಿಂದ ಸಾಲಿಗೆ ಹರಿಯಿತು. ನಗು ಹಿಂದಿನ ಸಾಲುಗಳಿಗೆ ಮುಟ್ಟುವಷ್ಟರಲ್ಲಿ ಮುಂದಿನ ಸಾಲುಗಳಲ್ಲಿ ನಿಂತುಹೋಗಿತ್ತು. ದಕ್ಷಿಣದಲ್ಲಿ ನೌಕರಿ ಮಾಡಿ ಬಂದ ಕೆಲವರು ಅಲ್ಲಿದ್ದರು. ಅವರು ಪುಸ್ತಕ ಮುಚ್ಚಿ ತೊಡೆಯ ಮೇಲಿಟ್ಟುಕೊಂಡು ಚಿತೆಯ ಮಂಟಪದ ಕಡೆ ನೋಡುತ್ತ ಕುಳಿತರು. ಯಾರೋ ಒಬ್ಬಾಕೆ ಪಕ್ಕದವಳ ಕಿವಿಯಲ್ಲಿ ಕೇಳಿದಳು, "ಹಾಗಾದ್ರೆ ಆ ನಲವತ್ತೊಂದು ಜನ ಏನಾದ್ರು?"

ಕರ್ನಲ್ ನಿಯೋಮ್ ಮೇಜಿನ ಬಳಿಗೆ ಬಂದಾಗ ಪುಸ್ತಕ ಕೈಯಲ್ಲಿ ಮುದುಡಿತ್ತು. ಬಿಳಿ ಕಾಲರಿನ ಮೇಲೆ ಬೆವರು ಇಳಿಯುತ್ತಿತ್ತು. ಕಿಮ್ ಸೂನ್ ಅವರ ಮುಖ ನೋಡಿದವನೇ ಕೈಮುಗಿದು ನೆಲದವರೆಗೂ ಬಾಗಿದ; ಏನಾಗಿದೆಯೆಂದು ಅವನಿಗಿನ್ನೂ ಗೊತ್ತಿರಲಿಲ್ಲ, ಬಾಗುವುದು ಮಾತ್ರ ಗೊತ್ತಿತ್ತು.

"ಯಾರದಿದು ಕೆಲಸ?"

"ನಂದೇ ಸಾರ್," ಅಂದಳು ಲಮಾಯ್. ಇಷ್ಟು ದಿನ ಅದುರುತ್ತಿದ್ದ ಕಾಲು ಈಗ ಅದುರುತ್ತಿರಲಿಲ್ಲ. "ತಪ್ಪಾಗಿದೆ. ತಪ್ಪೋಲೆ ಅಚ್ಚು ಹಾಕಿಸಿ ಎಲ್ಲ ಪ್ರತಿಗೂ ಅಂಟಿಸಿ ಕೊಡ್ತೀವಿ. ಸರಿಯಾದ ಪದ ಯಾವುದು ಅಂತ ಹೇಳ್ಬಿಡಿ."

"ಪದ! ಪದ ಕೇಳ್ತೀಯ?" ವಾದ್ಯದವರು ಒಂದು ರಾಗ ಮುಗಿಸಿ ಇನ್ನೊಂದಕ್ಕೆ ಕೊಳಲು ಒರೆಸಿಕೊಳ್ಳುತ್ತಿದ್ದರು. ಕರ್ನಲ್ಲರ ದನಿ ಶಾಮಿಯಾನದ ಕೊನೆಯವರೆಗೂ ಹೋಯಿತು. "ಅಸಂಜ್ಞಕರ್ಮ ಅಂದ್ರೆ ಯಾರ ಪದ ಗೊತ್ತಾ ನಿಂಗೆ? ಒಳಗೆ ಮಲಗಿದಾರಲ್ಲ ಅವರದ್ದು! ಜೀವ ಸವೆಸಿ ಸಂಪಾದಿಸಿದ್ದು! ಅದನ್ನ ತಗೊಂಡ್ಹೋಗಿ ರಬ್ಬರ್ ಕುಯ್ಯೋ ಕೂಲಿಗಳಿಗೆ, ಕಾಡುಜನಕ್ಕೆ ಹಾಕ್ತೀಯ? ಅಂಥೋರು ಸಾಯ್ತಾರೆ ಕಣೇ! ಸತ್ರು ಅಂತ ಹಾಕ್ಬೇಕು! ಸತ್ರು ಅಂತ!"

ಕೊಳಲು ಒರೆಸುತ್ತಿದ್ದವನ ಕೈ ನಿಂತಿತು.

ಕರ್ನಲ್ಲರಿಗೆ ತಾವು ಹೇಳಿದ್ದು ತಮ್ಮ ಕಿವಿಗೇ ಕೇಳಿಸಿದ್ದು ಒಂದು ಉಸಿರು ತಡವಾಗಿ.  ಅಷ್ಟು ಹೊತ್ತಿಗೆ ಪೆಟ್ಟಿಗೆಯ ಮೇಲಿಂದ ಅವ್ವ ಇಳಿದಿದ್ದಳು. ಮೇಜನ್ನು ಬಳಸಿಕೊಂಡು ಸೊಂಟ ಬಾಗಿಸಿಯೇ ನಡೆದುಬಂದು ಕರ್ನಲ್ಲರ ಎದುರು ನಿಂತಳು. ಅವರ ಪದಕಗಳ ಎತ್ತರಕ್ಕೆ ಅವಳ ತಲೆ ಬರುತ್ತಿತ್ತು.

"ಸತ್ರಾ ಸಾರ್?"

ಕರ್ನಲ್ ಲಮಾಯ್‌ಳ ಕಡೆ ನೋಡಿದರು. "ಯಾರು ಈ ಮುದುಕಿ?"

"ನಾ ಹಿನ್‌ನೋಳು ಸಾರ್. ದಾಮ್ ಹೆಂಡ್ತಿ. ನೀವು ಅಲ್ಲಿದ್ರಂತೆ." ಅವ್ವನ ದನಿಯಲ್ಲಿ ಕೋಪವಿರಲಿಲ್ಲ, ತಾಲ್ಲೂಕು ಕಚೇರಿಯ ಕಿಟಕಿಯಲ್ಲಿ ನಿಂತು ಮಾತಾಡುವ ದನಿ. "ಕಂಡೋರು ನೀವು. ಸತ್ರು ಅಂದ್ರಿ. ಒಳ್ಳೇದಾಯ್ತು. ಯಾವತ್ತು ಅಂತಾನೂ ಹೇಳ್ಬಿಡಿ. ದಿನ ಗೊತ್ತಿಲ್ದೆ ನೀರು ಬಿಡೋದು ಹೆಂಗೆ?"

"ಈಗ ಅದೆಲ್ಲ ಹೇಳೋ ಜಾಗವೇನಮ್ಮ ಇದು? ಸರ್ಕೊಳಿ."

"ಒಂದು ಮಾತು ಸಾರ್. ಯಾವತ್ತು?"

ಅಂಗಳದ ಇನ್ನೂರು ಮುನ್ನೂರು ಮುಖಗಳು ಈ ಕಡೆ ತಿರುಗಿದ್ದವು. ಬಾಗಿಲ ಹೊರಗೆ ಮೋಟಾರು ಸೈಕಲ್ಲುಗಳ ಸದ್ದು ಕೇಳಿತು. ಅರಮನೆಯ ಬೆಂಕಿ ಬಂದಿತ್ತು. ಎಲ್ಲರೂ ಎದ್ದು ನಿಲ್ಲಬೇಕಾದ ಗಳಿಗೆ, ಕರ್ನಲ್ ಮುಂದೆ ನಿಂತು ಸ್ವಾಗತಿಸಬೇಕಾದ ಗಳಿಗೆ. ಅವರು ಟೋಪಿ ಸರಿಮಾಡಿಕೊಂಡು, ಹಲ್ಲು ಕಚ್ಚಿಕೊಂಡು, ಈ ಮುದುಕಿ ದಾರಿ ಬಿಟ್ಟರೆ ಸಾಕೆಂಬಂತೆ, ತಗ್ಗಿದ ದನಿಯಲ್ಲಿ ಉಗುಳಿದರು:

"ಕರ್ಕೊಂಡು ಬಂದ ದಿನಾನೇ. ಸಂಜೆ. ಆಯ್ತಾ? ಬಿಡಿ ಈಗ."

ಅವ್ವ ಬಿಡಲಿಲ್ಲ. ಬೆರಳು ಮಡಚಿ ಏನನ್ನೋ ಎಣಿಸಿದಳು, ಬಿಚ್ಚಿ ಮತ್ತೆ ಎಣಿಸಿದಳು.

"ಅದೇ ದಿನಾನಾ?"

"ಅದೇ ದಿನ!"

"ಹಂಗಾದ್ರೆ ಮೂರು ತಿಂಗಳು ದಿನಾ ನಾನು ಅನ್ನ ತಂದ್ನಲ್ಲ," ಅಂದಳು ಅವ್ವ. ಈ ಮಾತನ್ನು ಲಮಾಯ್ ಎಂದೂ ಕೇಳಿರಲಿಲ್ಲ. "ಒಂಬತ್ತು ಮೈಲಿ ನಡ್ಕೊಂಡು. ಗೇಟಲ್ಲಿ ಡಬ್ಬಿ ಇಸ್ಕೊಂಡು ಒಳಗೆ ತಗೊಂಡು ಹೋಗ್ತಿದ್ರಿ. ತೊಳೆದು ಖಾಲಿ ಡಬ್ಬಿ ವಾಪಸ್ಸು ಕೊಡ್ತಿದ್ರಿ. ಉಪ್ಪು ಕಮ್ಮಿ ಅಂತ ಹೇಳಿ ಕಳ್ಸಿದಾನೆ ಅಂತ ಒಂದಿನ ಒಬ್ಬ ಹುಡುಗ ಸಿಪಾಯಿ ಹೇಳ್ದ. ನಾನು ಮಾರನೇ ದಿನ ಉಪ್ಪು ಜಾಸ್ತಿ ಹಾಕ್ಕೊಂಡು ಬಂದೆ. ಯಾರು ತಿಂದ್ರು ಸಾರ್ ಅದನ್ನ?"

ಕರ್ನಲ್ ನಿಯೋಮ್ ಅವಳನ್ನು ಬಳಸಿಕೊಂಡು ಮಂಟಪದ ಕಡೆ ಸರಸರನೆ ನಡೆದರು. ಬೆಂಕಿಯ ಪೆಟ್ಟಿಗೆ ಹಿಡಿದ ಅಧಿಕಾರಿ ಬಾಗಿಲು ದಾಟಿದ. ಇಡೀ ಅಂಗಳ ಎದ್ದು ನಿಂತಿತು, ಮಾತು ನಿಂತಿತು, ಕೆಮ್ಮೂ ನಿಂತಿತು.

ನಡೆಯುತ್ತಿದ್ದವಳು ಅವ್ವ ಒಬ್ಬಳೇ. ಬಿಳಿ ಸಮವಸ್ತ್ರಗಳ ಎರಡು ಸಾಲುಗಳ ನಡುವಿನ ಕೆಂಪು ಜಮಖಾನೆಯ ಮೇಲೆ, ಕರ್ನಲ್ಲರ ಬೆನ್ನು ಹಿಡಿದು ಹೋಗುತ್ತಿದ್ದಳು. "ಯಾರು ತಿಂದ್ರು? ಹೇಳಿ ಸಾರ್, ಯಾರು ತಿಂದ್ರು?" ಮುದುಕಿಯನ್ನು ತಡೆಯೆಂದು ಕಿಮ್ ಸೂನ್ ಲಮಾಯ್‌ಳ ತೋಳು ಹಿಡಿದು ಅಲುಗಿಸಿದ. "ಕರಿಯೇ ನಿಮ್ಮವ್ವನ್ನ! ನಮ್ಮನ್ನ ಮುಗಿಸಿಬಿಡ್ತಾರೆ, ಕರಿಯೇ!"

ಲಮಾಯ್ ಅವನ ಕೈ ಬಿಡಿಸಿಕೊಂಡು, ಮೇಜು ದಾಟಿ, ಅವ್ವನ ಹಿಂದೆ ಜಮಖಾನೆಯ ಮೇಲೆ ಕಾಲಿಟ್ಟಳು.